ಮನೆ ವೈಫೈ ಕೀ ಯಾರಿಗೂ ಗೊತ್ತಿಲ್ಲ. ತೆಗೆಯೋದು ಹೇಗೆ? ಬದಲಿಸಿದ್ರೆ ಕ್ಯಾಮೆರಾ, ಟಿವಿ ಎಲ್ಲಾ ಏನಾಗತ್ತೆ?

ತುಂಗೆತೀರ
ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮನೇಲಿ ಅಪ್ಪ ಅಮ್ಮ ಇಬ್ರೇ ಇರೋದು, ನನಗೆ ಹೈದರಾಬಾದಲ್ಲಿ ಕೆಲಸ, ಈಗ ರಜಕ್ಕೆ ಬಂದಿದೀನಿ. ಫೈಬರ್ ಹಾಕೋಕೆ ಬಂದಿದ್ದ ಹುಡುಗ ಅಪ್ಪನ ಫೋನಿಗೆ ತಾನೇ ಪಾಸ್‌ವರ್ಡ್ ಹೊಡೆದು ಕೊಟ್ಟು ಹೋಗಿದಾನೆ, ಎಲ್ಲೂ ಬರೆದಿಟ್ಟಿಲ್ಲ. ಅಮ್ಮಂಗೆ ಹೊಸ ಫೋನ್ ತಗೊಂಡ್ವಿ, ವೈಫೈ ಹಾಕೋಣ ಅಂದ್ರೆ ಕೀ ಯಾರಿಗೂ ಗೊತ್ತಿಲ್ಲ. ಅವನಿಗೆ ಫೋನ್ ಮಾಡಿದ್ರೆ ನಾಳೆ ಬರ್ತೀನಿ ಅಂತಾನೆ, ಬರಲ್ಲ.

ಇನ್ನೊಂದು ವಿಷ್ಯ. ಪಕ್ಕದ ಮನೇಲಿ ಬಾಡಿಗೆಗಿರೋ ಹುಡುಗ್ರು ಪರೀಕ್ಷೆ ಟೈಮಲ್ಲಿ ಬಂದು ಅಪ್ಪನ ಫೋನಿಂದ ಏನೋ ಸ್ಕ್ಯಾನ್ ಮಾಡ್ಕೊಂಡು ಹೋದ್ರಂತೆ, ಅವತ್ತಿಂದ ಅವ್ರದ್ದೂ ಇದೇ ವೈಫೈ. ಒಳ್ಳೆ ಹುಡುಗ್ರೇ, ಆದ್ರೆ ಸಂಜೆ ಆದ್ರೆ ಅಪ್ಪನ ಯಕ್ಷಗಾನದ ವಿಡಿಯೋ ಸುತ್ತುತ್ತಾ ನಿಂತ್ಬಿಡತ್ತೆ. ಹಾಗಾಗಿ ಕೀ ಬದಲಿಸ್ಬೇಕು ಅಂತಾನೂ ಇದೆ. ಟಿವಿ, ತೋಟದ ಕಡೆ ಇರೋ ಕ್ಯಾಮೆರಾ, ಒಂದು ಪ್ರಿಂಟರ್, ಹೊರಗಡೆ ಸ್ಮಾರ್ಟ್ ಬಲ್ಬ್ ಎಲ್ಲಾ ಇದರಲ್ಲೇ ಇವೆ. ನಾನು ವಾಪಸ್ ಹೋದ್ಮೇಲೆ ಏನಾದ್ರೂ ಕೈಕೊಟ್ರೆ ಅವ್ರಿಬ್ರಿಗೂ ಮಾಡ್ಕೊಳಕ್ಕೆ ಬರಲ್ಲ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಾಸನಹೈದ
ರೂಟರ್ ಹಿಂದೆ ಸಣ್ಣ ತೂತು ಇರತ್ತೆ, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ರೀಸೆಟ್ ಆಗತ್ತೆ. ಕೆಳಗಿನ ಸ್ಟಿಕರಲ್ಲಿರೋ ಪಾಸ್‌ವರ್ಡ್ ಹಾಕಿ. ಮುಗೀತು.

ಫೈಬರ್ಅಣ್ಣ
ದಯವಿಟ್ಟು ಒತ್ಬೇಡಿ!! ನಾನು ದಾವಣಗೆರೆ ಕಡೆ ಇದೇ ಕೆಲಸ ಮಾಡೋನು, ತಿಂಗಳಿಗೆ ಎಷ್ಟು ಮನೆಗೆ ಇದೇ ಕಾರಣಕ್ಕೆ ಹೋಗ್ತೀನೋ ಲೆಕ್ಕ ಇಲ್ಲ. ಅಂಗಡೀಲಿ ನೀವೇ ತಂದ ರೂಟರ್ ಬೇರೆ, ಫೈಬರ್ ವೈರ್ ನೇರ ಒಳಗೆ ಹೋಗೋ ಕಂಪನಿ ಡಬ್ಬ ಬೇರೆ. ಅದಕ್ಕೆ ನಾವು ಓಎನ್‌ಟಿ ಅಂತೀವಿ. ಅದರೊಳಗೆ ವೈಫೈ ಪಾಸ್‌ವರ್ಡ್ ಒಂದೇ ಅಲ್ಲ, ನಿಮ್ಮ ಕನೆಕ್ಷನ್ ಕಂಪನಿಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್‌ನೇಮು, ಅದರ ಪಾಸ್‌ವರ್ಡು, ಕಂಪನಿ ಲೈನಿನ ವಿಲ್ಯಾನ್ ನಂಬರು ಎಲ್ಲಾ ಕೂತಿರತ್ತೆ. ರೀಸೆಟ್ ಒತ್ತಿದ್ರೆ ಅದೂ ಅಳಿಸಿ ಹೋಗ್ಬೋದು. ಆಮೇಲೆ ವೈಫೈ ಚೆನ್ನಾಗಿ ಬರತ್ತೆ, ಫುಲ್ ಕಡ್ಡಿ ತೋರ್ಸತ್ತೆ, ಇಂಟರ್ನೆಟ್ ಮಾತ್ರ ಇರಲ್ಲ. ಕೆಲವು ಕಂಪನಿ ಡಬ್ಬ ಮೇಲಿಂದ ತಾನೇ ಸೆಟಿಂಗ್ ಎಳ್ಕೊಳ್ಳತ್ತೆ, ಊರಿನ ಸಣ್ಣ ಕೇಬಲ್‌ನೋರ ಹತ್ರ ಹೆಚ್ಚಾಗಿ ಆ ವ್ಯವಸ್ಥೆ ಇರಲ್ಲ, ನಾವೇ ಬಂದು ಹೊಡೀಬೇಕು. ಬರ್ತೀನಿ ಅಂದು ಬರದೇ ಇರೋನನ್ನೇ ಮತ್ತೆ ಕಾಯೋ ಹಾಗಾಗತ್ತೆ ನಿಮ್ಗೆ.

ಗಡಿಬಿಡಿಗಣಕ
ನಿಮ್ಮ ಪ್ರಶ್ನೆ ಒಳಗೇ ಉತ್ತರ ಇದೆ. ಆ ಹುಡುಗ್ರು ಸ್ಕ್ಯಾನ್ ಮಾಡಿದ್ರಲ್ಲ, ಅದೇ ದಾರಿ. ಅಪ್ಪನ ಫೋನ್ ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಿದ್ರೆ ಸೆಟಿಂಗ್ಸ್‌ಗೆ ಹೋಗಿ, ವೈಫೈ ತೆಗೀರಿ, ಕನೆಕ್ಟ್ ಆಗಿರೋ ಹೆಸರಿನ ಪಕ್ಕದ ಗಿಯರ್ ಒತ್ತಿ, ಅಲ್ಲಿ ಶೇರ್ ಅಥವಾ ಕ್ಯೂಆರ್ ಕೋಡ್ ಅಂತ ಇರತ್ತೆ. ಫೋನಿನ ಲಾಕ್ ಕೇಳತ್ತೆ, ಬೆರಳಿಟ್ರೆ ಕ್ಯೂಆರ್ ಬರತ್ತೆ. ಸುಮಾರು ಫೋನಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಅಕ್ಷರದಲ್ಲೂ ಇರತ್ತೆ. ಇಲ್ಲಾಂದ್ರೆ ಅಮ್ಮನ ಫೋನಿನ ಕ್ಯಾಮೆರಾ ಅದಕ್ಕೆ ಹಿಡೀರಿ ಸಾಕು, ಸೇರ್ಕೊಳ್ಳತ್ತೆ. ಆಮೇಲೆ ಗೂಗಲ್ ಲೆನ್ಸಲ್ಲಿ ಆ ಕ್ಯೂಆರಿನ ಸ್ಕ್ರೀನ್‌ಶಾಟ್ ತೆಗೆದು ನೋಡಿದ್ರೆ ಒಳಗಿನ ಅಕ್ಷರಾನೂ ಓದ್ಬೋದು.

ತುಂಗೆತೀರ
@ಗಡಿಬಿಡಿಗಣಕ ಬಂತು!!! ಅಮ್ಮನ ಫೋನ್ ಸೇರಿತು. ಕೀ ನೋಡಿದ್ರೆ ಆ ಹುಡುಗನ ಮೊಬೈಲ್ ನಂಬರೇ ಇಟ್ಟಿದಾನೆ.

ಧಾರವಾಡದಾಂವ
ನಮ್ಮ ಓಣ್ಯಾಗ ಹಾಕಿದ ಎಲ್ಲಾ ಮನಿಗೂ ಹಂಗ ಮಾಡ್ಯಾರ್ರೀ. ಒಂದ ನಂಬರ್ ಹಾಕಿದ್ರ ಯಾರ ಮನ್ಯಾಗರ ಕುಂತು ನೆಟ್ ನಡಸಬಹುದು. ಇದು ತಪ್ಪಲ್ಲೇನ್ರೀ @ಫೈಬರ್ಅಣ್ಣ?

ಫೈಬರ್ಅಣ್ಣ
ತಪ್ಪೇ ಸಾರ್. ಆದ್ರೆ ನಮ್ಮ ಕಷ್ಟಾನೂ ಕೇಳಿ. ದಿನಕ್ಕೆ ಇಷ್ಟು ಮನೆ ಮುಗಿಸ್ಲೇಬೇಕು ಅಂತಿರತ್ತೆ, ಹೋದ ಮನೇಲಿ "ಏನಾದ್ರೂ ಹಾಕಪ್ಪ, ನಮಗೇನ್ ಗೊತ್ತು" ಅಂತಾರೆ, ಎರಡು ತಿಂಗಳಾದ್ಮೇಲೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಪಾಸ್‌ವರ್ಡ್ ಏನು ಅಂತ ಕೇಳ್ತಾರೆ. ಅದಕ್ಕೇ ಹುಡುಗ್ರು ತಮ್ಗೆ ನೆನಪಿರೋದನ್ನ ಹಾಕ್ಬಿಡೋದು. ನಾನು ಈಗ ಮನೆಯೋರ ಕೈಗೇ ಫೋನ್ ಕೊಟ್ಟು ನೀವೇ ಟೈಪ್ ಮಾಡಿ ಅಂತೀನಿ, ಮಾಡೋವರೆಗೂ ಏಳಲ್ಲ. ಹತ್ತು ನಿಮಿಷ ಹೆಚ್ಚು ಹೋಗತ್ತೆ, ಆದ್ರೆ ಕೀ ಮನೆಯೋರದ್ದಾಗತ್ತೆ.

ಬೀಗದಕೈ
ಮೊಬೈಲ್ ನಂಬರ್ ಯಾಕೆ ಬೇಡ ಅಂತ ಲೆಕ್ಕ ಹಾಕೇ ತೋರಿಸ್ತೀನಿ. ನಿಮ್ಮ ಫೋನ್ ರೂಟರಿಗೆ ಸೇರುವಾಗ ಎರಡರ ಮಧ್ಯೆ ಒಂದು ಕೈಕುಲುಕೋ ಮಾತುಕತೆ ನಡಿಯತ್ತೆ, ಡಬ್ಲ್ಯೂಪಿಎ2 ಅನ್ನೋ ವೈಫೈ ಭದ್ರತೆ ವಿಧಾನದಲ್ಲಿ ಅದನ್ನ ಹತ್ತಿರ ನಿಂತೋನು ಗಾಳಿಯಿಂದಲೇ ಹಿಡ್ಕೊಂಡು ಮನೆಗೆ ಹೋಗಿ ಆರಾಮಾಗಿ ಕೀ ಊಹಿಸ್ತಾ ಕೂರ್ಬೋದು. ರೂಟರಿಗೆ ಗೊತ್ತೇ ಆಗಲ್ಲ. ನಮ್ಮ ದೇಶದ ಮೊಬೈಲ್ ನಂಬರ್ 6, 7, 8, 9ರಿಂದಲೇ ಶುರುವಾಗೋದು, ಅಂದ್ರೆ ಹೆಚ್ಚಂದ್ರೆ 400 ಕೋಟಿ ಸಾಧ್ಯತೆ. ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಹತ್ತು ಲಕ್ಷ ನೋಡತ್ತೆ ಅಂತ ಹಿಡಿದ್ರೆ ಒಂದು ಗಂಟೆ ಹತ್ತು ನಿಮಿಷದೊಳಗೆ ಎಲ್ಲಾ ಮುಗೀತು. ಬರೀ ಎಂಟು ಅಂಕಿ ಇಟ್ರೆ 10 ಕೋಟಿ, ಎರಡು ನಿಮಿಷವೂ ಬೇಡ. ಹುಟ್ಟಿದ ತಾರೀಕು ಇಟ್ಟೋರಿಗೆ ನಾನು ಏನೂ ಹೇಳಲ್ಲ.

ಕೀ 8ರಿಂದ 63 ಅಕ್ಷರದವರೆಗೆ ಇಡ್ಬೋದು. ಉದ್ದ ಇಡಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇರಿಸಿ, ಹುಣಸೆ ಕೊಡೆ ಸೋಮವಾರ ಚಕ್ಕುಲಿ ಅನ್ನೋ ಥರ. ಅಮ್ಮಂಗೆ ಬಾಯಲ್ಲಿ ಹೇಳ್ಬೋದು, ಊಹಿಸೋನಿಗೆ ಕಷ್ಟ. ಇಲ್ಲಿ ಬರೆದಿರೋದನ್ನೇ ಇಡ್ಬೇಡಿ ಮತ್ತೆ!

ದೂರದೂರು
ಇದನ್ನ ನೂರು ಸಲ ಒಪ್ತೀನಿ. ನಾನು ನ್ಯೂಜೆರ್ಸಿಲಿರೋದು, ಅಮ್ಮ ಮೈಸೂರಲ್ಲಿ. ಅವ್ರ ರೂಟರಿನ ಸ್ಟಿಕರ್ ಪಾಸ್‌ವರ್ಡ್ ಫೋನಲ್ಲಿ ಓದಿಸಿ ಟ್ಯಾಬ್‌ಗೆ ಹಾಕ್ಸೋ ಹೊತ್ತಿಗೆ ಇಬ್ರಿಗೂ ಅಳು ಬರೋದೊಂದು ಬಾಕಿ. ಅದು ಸೊನ್ನೆನಾ ಓನಾ, ಸಣ್ಣ ಎಲ್ ಅಕ್ಷರನಾ ಒಂದಾ, ದೊಡ್ಡ ಐನಾ ಅಂತ ಒಂದೊಂದಕ್ಕೂ ಹತ್ತು ಸಲ. ಪದಗಳ ಕೀ ಇಟ್ಮೇಲೆ ಅಮ್ಮ ತಾನೇ ನೆಂಟರಿಗೂ ಹಾಕ್ಕೊಡ್ತಾಳೆ. ಎಲ್ಲಾ ಸಣ್ಣಕ್ಷರ, ಮಧ್ಯೆ ಜಾಗ ಬಿಡದೇ ಇಡಿ, ಫೋನಿನ ಕೀಬೋರ್ಡ್ ಮೊದಲ ಅಕ್ಷರ ತಾನೇ ದೊಡ್ಡದು ಮಾಡೋದನ್ನ ಮಾತ್ರ ನೋಡ್ಕೊಳಿ.

ಕಡಲತಡಿ
ಅಪ್ಪನ ಫೋನ್ ಆಂಡ್ರಾಯ್ಡ್ ಅಲ್ಲದಿದ್ದವರಿಗೂ ಹೇಳಿಬಿಡುವ, ಮುಂದೆ ಓದುವವರಿಗೆ ಉಪಯೋಗ ಆಗ್ತದೆ. ಐಫೋನಲ್ಲಿ ಐಓಎಸ್ 16 ನಂತರ ವೈಫೈ ಸೆಟಿಂಗಲ್ಲಿ ಹೆಸರಿನ ಪಕ್ಕದ ಐ ಒತ್ತಿ ಪಾಸ್‌ವರ್ಡ್ ಅನ್ನುವ ಸಾಲು ಮುಟ್ಟಿದರೆ ಮುಖ ನೋಡಿ ತೋರಿಸ್ತದೆ. ವಿಂಡೋಸ್ 11 ಲ್ಯಾಪ್‌ಟಾಪಲ್ಲಿ ಸೆಟಿಂಗ್ಸ್, ನೆಟ್‌ವರ್ಕ್, ವೈಫೈ, ಆ ನೆಟ್‌ವರ್ಕಿನ ಪ್ರಾಪರ್ಟೀಸ್ ಒಳಗೆ ವ್ಯೂ ವೈಫೈ ಸೆಕ್ಯುರಿಟಿ ಕೀ ಅಂತಲೇ ಉಂಟು. ವಿಂಡೋಸ್ 10 ಆದರೆ ಕಂಟ್ರೋಲ್ ಪ್ಯಾನೆಲ್ಲಿನ ನೆಟ್‌ವರ್ಕ್ ಆಂಡ್ ಶೇರಿಂಗ್ ಸೆಂಟರ್, ಅಲ್ಲಿ ವೈಫೈ ಹೆಸರು ಒತ್ತಿ ವೈರ್‌ಲೆಸ್ ಪ್ರಾಪರ್ಟೀಸ್, ಸೆಕ್ಯುರಿಟಿ, ಶೋ ಕ್ಯಾರೆಕ್ಟರ್ಸ್. ಯಾವ ಸಾಫ್ಟ್‌ವೇರೂ ಡೌನ್‌ಲೋಡ್ ಮಾಡ್ಲಿಕ್ಕಿಲ್ಲ. ವೈಫೈ ಪಾಸ್‌ವರ್ಡ್ ತೋರಿಸ್ತೇವೆ ಅಂತ ಬರುವ ಆ್ಯಪ್ ಒಂದನ್ನೂ ನಂಬಬೇಡಿ ಮಾರಾಯ್ರೆ.

ತುಂಗೆತೀರ
ಸರಿ, ಕೀ ಸಿಕ್ತು. ಈಗ ಬದಲಿಸೋದು. ಫೋನಿನ ಬ್ರೌಸರಲ್ಲಿ 192.168.1.1 ಹಾಕ್ದೆ, ಲಾಗಿನ್ ಪೇಜ್ ಬಂತು, ಅದಕ್ಕೆ ಈ ವೈಫೈ ಕೀ ಹಾಕಿದ್ರೆ ತಗೊಳ್ತಿಲ್ಲ.

ಗಡಿಬಿಡಿಗಣಕ
ಅದು ಬೇರೆ ಪಾಸ್‌ವರ್ಡ್. ವೈಫೈಗೆ ಸೇರೋಕೆ ಒಂದು, ರೂಟರಿನ ಸೆಟಿಂಗ್ ಒಳಗೆ ಹೋಗೋಕೆ ಇನ್ನೊಂದು. ಎರಡನೇದು ಡಬ್ಬದ ಅಡಿ ಸ್ಟಿಕರಲ್ಲಿ ಯೂಸರ್‌ನೇಮ್ ಜೊತೆ ಇರತ್ತೆ, ಟಾರ್ಚ್ ಹಾಕಿ ಫೋಟೋ ತೆಗೀರಿ. ಐದಾರು ಸಲ ತಪ್ಪು ಹೊಡೀಬೇಡಿ, ಸ್ವಲ್ಪ ಹೊತ್ತು ಲಾಕ್ ಮಾಡ್ಬಿಡೋ ರೂಟರುಗಳಿವೆ. ಬೇರೆಯವ್ರಿಗೆ: 192.168.1.1 ಬರ್ದಿದ್ರೆ 192.168.0.1 ನೋಡಿ, ಜಿಯೋ ಆದ್ರೆ 192.168.29.1. ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಅಂತ ಇರೋ ನಂಬರೇ ಸರಿಯಾದ್ದು. ಜಿಯೋ, ಏರ್‌ಟೆಲ್ ಇದ್ದೋರು ಅವ್ರ ಆ್ಯಪಿಂದಲೇ ಬದಲಿಸ್ಬೋದು, ಇಷ್ಟೆಲ್ಲಾ ಬೇಕಿಲ್ಲ.

ಬೀಗದಕೈ
ಒಳಗೆ ಹೋದ್ಮೇಲೆ ಮೊದಲು ಆ ಅಡ್ಮಿನ್ ಪಾಸ್‌ವರ್ಡೂ ಬದಲಿಸಿ. ಪಕ್ಕದ ಹುಡುಗ್ರು ಇಷ್ಟು ದಿನ ನಿಮ್ಮ ನೆಟ್‌ವರ್ಕ್ ಒಳಗೇ ಇದ್ದೋರು, ಯೂಸರ್‌ನೇಮು ಪಾಸ್‌ವರ್ಡು ಎರಡೂ ಅಡ್ಮಿನ್ ಅಂತಿದ್ರೆ ನೀವು ಹೊಸ ಕೀ ಇಡೋದಕ್ಕೆ ಮುಂಚೆ ಅವ್ರೇ ಇಟ್ಬಿಡ್ಬೋದು. ಮಾಡ್ತಾರೆ ಅಂತಲ್ಲ. ಮತ್ತೆ ಡಬ್ಲ್ಯೂಪಿಎಸ್, ಅಂದ್ರೆ ಕೀ ಹೊಡೀದೇ ಬಟನ್ ಅಥವಾ ಪಿನ್ನಿಂದ ವೈಫೈ ಸೇರ್ಸೋ ಸೌಲಭ್ಯ, ಆಫ್ ಮಾಡಿ. ಅದಕ್ಕೆ ಎಂಟಂಕಿಯ ಪಿನ್ ಇದೆ, ರೂಟರ್ ಅದನ್ನ ಎರಡು ತುಂಡು ಮಾಡಿ ನೋಡತ್ತೆ, ಕೊನೇ ಅಂಕಿ ಬರೀ ತಾಳೆ ನೋಡೋಕೆ, ಹಾಗಾಗಿ 11,000 ಪ್ರಯತ್ನದಲ್ಲಿ ಸಿಕ್ಕೇ ಸಿಗತ್ತೆ ಅಂತ 2011ರಲ್ಲೇ ತೋರಿಸ್ಕೊಟ್ಟಿದಾರೆ. ಪಿನ್ ಆನ್ ಇರೋವರೆಗೂ ನಿಮ್ಮ ಚಕ್ಕುಲಿ ಕೀಯಿಂದ ಏನೂ ಲಾಭ ಇಲ್ಲ.

ಹಾಸನಹೈದ
ಇಷ್ಟೆಲ್ಲಾ ಹೆದರ್ಸೋದು ಯಾಕೆ? ಓದೋ ಹುಡುಗ್ರು, ಸ್ವಲ್ಪ ನೆಟ್ ಕೊಟ್ರೆ ಏನಾಯ್ತು. ನಮ್ಮೂರಲ್ಲಿ ಒಬ್ರ ಮನೆ ವೈಫೈ ಇಡೀ ಬೀದಿ ನಡೆಸತ್ತೆ.

ಧಾರವಾಡದಾಂವ
ಕೊಡ್ರೀ, ಬ್ಯಾಡ ಅನ್ನಂಗಿಲ್ಲ. ಆದ್ರ ಕನೆಕ್ಷನ್ ನಿಮ್ಮ ಹೆಸರಿನ್ಯಾಗ ಇರತೈತಿ, ನೆನಪಿರ್ಲಿ. 2008ರಾಗ ಅಹಮದಾಬಾದ್ ಸ್ಫೋಟದ ಹೊತ್ತಿನ್ಯಾಗ ಬಂದ ಬೆದರಿಕಿ ಇಮೇಲ್ ನವಿ ಮುಂಬೈದಾಗ ಒಬ್ಬ ಅಮೆರಿಕದಾಂವನ ಮನಿ ವೈಫೈದಿಂದ ಹೋಗಿತ್ತು. ಅವನ ವೈಫೈ ಬ್ಯಾರೇದವರು ಬಳಸ್ಯಾರ ಅಂತ ತಿಳಿಯೂದ್ರಾಗ ಪೊಲೀಸರ ಮುಂದ ಉತ್ತರ ಕೊಡೂದು ಅವನಿಗೇ ಬಂತು. ಊರಾಗ ಇಬ್ಬರ ವಯಸ್ಸಾದವರಿಗೆ ಅಂಥಾ ತ್ರಾಸ ಯಾಕ ಬೇಕ್ರೀ?

ಕಡಲತಡಿ
ಕೊಡ್ಲೇಬೇಕು ಅಂದರೆ ಗೆಸ್ಟ್ ನೆಟ್‌ವರ್ಕ್ ಮಾಡಿ ಬೇರೆ ಕೀ ಕೊಡಿ. ಬಂದವರಿಗೆ ಜಗಲಿ, ಮನೆಯವರಿಗೆ ಒಳಕೋಣೆ. ಕೆಲವು ರೂಟರಲ್ಲಿ ಗೆಸ್ಟಿಗೆ ಸ್ಪೀಡ್ ಮಿತಿ ಹಾಕ್ಲಿಕ್ಕೂ ಆಗ್ತದೆ, ಯಕ್ಷಗಾನ ನಿಲ್ಲುದಿಲ್ಲ. ಪರೀಕ್ಷೆ ಮುಗಿದ ಮೇಲೆ ಗೆಸ್ಟ್ ಮಾತ್ರ ಆಫ್ ಮಾಡಿದರೆ ಆಯ್ತು, ಮನೆಯದ್ದು ಯಾವುದೂ ಕಡಿಯುದಿಲ್ಲ.

ತುಂಗೆತೀರ
ಗೆಸ್ಟ್ ಐಡಿಯಾ ಚೆನ್ನಾಗಿದೆ, ಅಪ್ಪಂಗೂ ಆ ಹುಡುಗ್ರಿಗೆ ಪೂರ್ತಿ ಇಲ್ಲ ಅನ್ನೋಕೆ ಮನಸ್ಸಿಲ್ಲ. ಸ್ಟಿಕರ್ ಸಿಕ್ತು, ಒಳಗೆ ಹೋದೆ. ಈಗ ಹೆಸರೂ ಬದಲಿಸ್ಲಾ, ಕೀ ಮಾತ್ರಾನಾ?

ಗಡಿಬಿಡಿಗಣಕ
ಕೀ ಮಾತ್ರ. ಹೆಸರು ಹಾಗೇ ಇರ್ಲಿ. ಮುಂದೆ ಯಾವತ್ತಾದ್ರೂ ರೂಟರ್ರೇ ಬದಲಾದ್ರೆ ಹೊಸದಕ್ಕೂ ಇದೇ ಹೆಸರು, ಇದೇ ಕೀ ಅಕ್ಷರ ತಪ್ಪದೇ ಇಡಿ, ಟಿವಿ ಕ್ಯಾಮೆರಾ ಎಲ್ಲಾ ತಾವಾಗೇ ಸೇರ್ಕೊಳ್ತವೆ, ಒಂದನ್ನೂ ಮುಟ್ಟಬೇಕಿಲ್ಲ. ಈಗ ಕೀ ಬದಲಿಸುವಾಗ ಎರಡು ಕಡೆ ಜೋಪಾನ. ವೈಫೈ ಎರಡು ರೇಡಿಯೋ ತರಂಗದಲ್ಲಿ ಬರತ್ತೆ, 2.4 ಗಿಗಾಹರ್ಟ್ಸ್‌ದು ಒಂದು ಪೇಜ್, 5ರದ್ದು ಇನ್ನೊಂದು ಪೇಜ್ ಇರತ್ತೆ ಸುಮಾರು ಡಬ್ಬದಲ್ಲಿ. ಒಂದರಲ್ಲಿ ಮಾತ್ರ ಬದಲಿಸಿದ್ರೆ ಫೋನ್ ಜಗಲೀಲಿ ಬರತ್ತೆ, ಅಡಿಗೆಮನೇಲಿ ತಪ್ಪು ಪಾಸ್‌ವರ್ಡ್ ಅನ್ನತ್ತೆ, ತಲೆ ಕೆಡತ್ತೆ. ಇನ್ನೊಂದು, ಅಪ್ಲೈ ಒತ್ತಿದ ತಕ್ಷಣ ನಿಮ್ಮ ಫೋನೇ ಹೊರಗೆ ಬೀಳತ್ತೆ, ಅದು ಸರಿಯೇ. ಲ್ಯಾನ್ ಕೇಬಲ್ಲಿರೋ ಲ್ಯಾಪ್‌ಟಾಪಿಂದ ಮಾಡಿದ್ರೆ ಆ ತೊಂದ್ರೆ ಇಲ್ಲ.

ಬೀಗದಕೈ
ಸೆಕ್ಯುರಿಟಿ ಮೋಡಲ್ಲಿ ಡಬ್ಲ್ಯೂಇಪಿ ಅಥವಾ ಬರೀ ಡಬ್ಲ್ಯೂಪಿಎ ಇದ್ರೆ ತೆಗೀರಿ. ಡಬ್ಲ್ಯೂಇಪಿ 2001ರಲ್ಲೇ ಮುರಿದು ಬಿದ್ದಿದ್ದು. ಡಬ್ಲ್ಯೂಪಿಎ2 ಎಇಎಸ್ ಇಡಿ. ಡಬ್ಲ್ಯೂಪಿಎ3 2018ರಲ್ಲಿ ಬಂತು, ಅದರಲ್ಲಿ ನಾನು ಮೇಲೆ ಹೇಳಿದ ಕೂತು ಊಹಿಸೋ ಆಟ ನಡೆಯಲ್ಲ, ಆದ್ರೆ ನಿಮ್ಮ ಹಳೇ ಪ್ರಿಂಟರ್, ಬಲ್ಬ್ ಸೇರೋದು ಅನುಮಾನ. ಎರಡೂ ಕೂಡಿದ ಮಿಕ್ಸ್ಡ್ ಮೋಡ್ ಇದ್ರೆ ಹಾಕಿ ನೋಡಿ, ಯಾವ್ದಾದ್ರೂ ಹಠ ಮಾಡಿದ್ರೆ ಬರೀ 2ಕ್ಕೆ ಬನ್ನಿ.

ಹಾಸನಹೈದ
ಮ್ಯಾಕ್ ಫಿಲ್ಟರ್ ಹಾಕಿ, ನಿಮ್ಮ ಮನೆ ಫೋನ್ ಬಿಟ್ಟು ಬೇರೆದಕ್ಕೆ ಸೇರಕ್ಕೇ ಆಗ್ದೇ ಇರೋ ಹಾಗೆ. ಹೆಸರೂ ಹೈಡ್ ಮಾಡಿ.

ಗಡಿಬಿಡಿಗಣಕ
@ಹಾಸನಹೈದ ಬೇಡ ಗುರು. ಆಂಡ್ರಾಯ್ಡ್ 10, ಐಓಎಸ್ 14 ಆದ್ಮೇಲೆ ಫೋನುಗಳು ನಿಜವಾದ ಮ್ಯಾಕ್ ವಿಳಾಸ, ಅಂದ್ರೆ ನೆಟ್‌ವರ್ಕಲ್ಲಿ ಫೋನನ್ನ ಗುರುತಿಸೋ ನಂಬರು, ಕೊಡಲ್ಲ, ನೆಟ್‌ವರ್ಕಿಗೊಂದು ಹೊಸದು ಹುಟ್ಟಿಸ್ತವೆ. ಅಮ್ಮ ಒಂದು ದಿನ ಫರ್ಗೆಟ್ ಒತ್ತಿ ಮತ್ತೆ ಸೇರ್ಸಕ್ಕೆ ಹೋದಾಗ ವಿಳಾಸ ಬದಲಾಗಿದ್ರೆ ಅಲ್ಲಿಗೆ ಮುಗೀತು, ಇವ್ರು ಹೈದರಾಬಾದಿಂದ ಏನ್ ಮಾಡ್ತಾರೆ? ಹೈಡ್ ಮಾಡಿದ ಹೆಸರನ್ನ ಹುಡುಕೋನು ಹೇಗಿದ್ರೂ ಹುಡುಕ್ತಾನೆ, ಕಷ್ಟ ಮನೆಯೋರಿಗೆ ಮಾತ್ರ.

ಉಪ್ಪಿನಕಾಯಿ
ಹೆಸರಿನ ಮಾತು ಬಂತಲ್ಲ, ನಮ್ಮನೆ ವೈಫೈ ಹೆಸರು ಕನ್ನಡ ಲಿಪೀಲೇ ಇದೆ ಗೊತ್ತಾ? ಫೋನ್ ಲಿಸ್ಟಲ್ಲಿ ಕನ್ನಡದಲ್ಲಿ ಕಾಣತ್ತೆ, ನೋಡೋಕೇ ಖುಷಿ.

ದೂರದೂರು
ಅಯ್ಯೋ ಹೌದಾ!! ಆಗತ್ತಾ ಅದು?

ಬೀಗದಕೈ
ಆಗತ್ತೆ, ರೂಟರ್ ಬಿಟ್ರೆ. ಹೆಸರಿಗೆ 32 ಬೈಟ್ ಜಾಗ, ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಎಲ್ಲಾ ತಲಾ 3 ಬೈಟ್, ಹಾಗಾಗಿ ಒಟ್ಟು ಹತ್ತೇ ಹಿಡಿಯೋದು. ಒತ್ತಕ್ಷರ ಹೆಚ್ಚಿದ್ರೆ ಬೇಗ ತುಂಬತ್ತೆ. ಕೀ ಮಾತ್ರ ಕನ್ನಡ ಲಿಪೀಲಿ ಇಡೋಕಾಗಲ್ಲ, ಅದಕ್ಕೆ ಇಂಗ್ಲಿಷ್ ಕೀಬೋರ್ಡಿನ ಅಕ್ಷರ, ಅಂಕಿ, ಚಿಹ್ನೆಗಳೇ ಆಗ್ಬೇಕು. ತುಂಗೆತೀರ ಅವ್ರೇ, ನೀವು ಈಗ ಇದಕ್ಕೆ ಕೈ ಹಾಕ್ಬೇಡಿ, ಹಳೇ ಪ್ರಿಂಟರಿನ ಸಣ್ಣ ಪರದೇಲಿ ಕನ್ನಡ ಮೂಡಲ್ಲ.

ತುಂಗೆತೀರ
ಬದಲಿಸ್ದೆ, ಎರಡೂ ಪೇಜಲ್ಲಿ. ಅಪ್ಪನ ಫೋನಲ್ಲಿ ಹಳೇದು ಫರ್ಗೆಟ್ ಮಾಡಿ ಹೊಸದು ಹಾಕ್ದೆ, ಬಂತು. ಟಿವಿ ರಿಮೋಟಲ್ಲೇ ಟೈಪ್ ಮಾಡಿ ಸೇರಿಸ್ದೆ, ಹುಣಸೆ ಬರೆಯೋ ಹೊತ್ತಿಗೆ ಕಾಫಿ ತಣ್ಣಗಾಯ್ತು. ಕ್ಯಾಮೆರಾ ಆಫ್‌ಲೈನ್ ಅಂತಿದೆ. ಅದು ಅಡಿಕೆ ಒಣಗಿಸೋ ಅಂಗಳದ ಮೇಲೆ ಎತ್ತರದಲ್ಲಿದೆ, ಏಣಿ ಹಾಕಿ ಹತ್ತಿ ರೀಸೆಟ್ ಬಟನ್ ಒತ್ಬೇಕಾ? ಮಳೆ ಬೇರೆ ಹಿಡ್ಕೊಂಡಿದೆ.

ಹಾಸನಹೈದ
ಗೆಸ್ಟ್ ನೆಟ್‌ವರ್ಕಿಗೆ ಹಳೇ ಹೆಸರು, ಹಳೇ ಕೀ ಇಟ್ಬಿಡಿ, ಕ್ಯಾಮೆರಾ ಅದಕ್ಕೇ ಸೇರ್ಕೊಳ್ಳತ್ತೆ. ಈ ಸಲ ನಾನು ಹೇಳಿದ್ದು ಸರಿ ಇದೆ ನೋಡಿ.

ಬೀಗದಕೈ
ಬೇರೆ ಮನೇಲಾದ್ರೆ ಸರಿ. ಇಲ್ಲಿ ಆ ಹಳೇ ಕೀ ಪಕ್ಕದ ಮನೇಲಿದೆ, ಹಾಕಿದ ಹುಡುಗನ ತಲೇಲಿದೆ. ಕ್ಯಾಮೆರಾನ ಅದೇ ನೆಟ್‌ವರ್ಕಲ್ಲಿ ಕಾಯಂ ಬಿಡೋದು ಬೇಡ.

ಫೈಬರ್ಅಣ್ಣ
ಏಣಿ ಬೇಡ ಸಾರ್, ಮಳೇಲಿ ಹತ್ಲೇಬೇಡಿ. ನಾವು ಮಾಡೋದು ಹೀಗೆ. ಕ್ಯಾಮೆರಾ ಕೆಳಗಡೆ ಜಗಲೀಲಿ ನಿಂತು ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಹಳೇ ವೈಫೈ ಹೆಸರು, ಹಳೇ ಕೀ ಇಡಿ, ಅಕ್ಷರ ಅಕ್ಷರ ಹಾಗೇ ಇರ್ಬೇಕು. ಹಾಟ್‌ಸ್ಪಾಟ್ 2.4ರಲ್ಲಿರ್ಬೇಕು, ಹೆಚ್ಚಿನ ಕ್ಯಾಮೆರಾ, ಬಲ್ಬಿಗೆ 5 ಕಾಣಲ್ಲ. ಆಮೇಲೆ ರೂಟರ್ ಒಂದೈದು ನಿಮಿಷ ಆಫ್ ಮಾಡಿ. ಕ್ಯಾಮೆರಾ ಹಳೇ ವೈಫೈ ಬಂತು ಅಂದ್ಕೊಂಡು ನಿಮ್ಮ ಫೋನಿಗೆ ಸೇರ್ಕೊಳ್ಳತ್ತೆ. ಹಸಿರು ಆದ್ಮೇಲೆ ರೂಟರ್ ಆನ್ ಮಾಡಿ, ಪೂರ್ತಿ ಎದ್ದ ಮೇಲೆ ಅಮ್ಮನ ಫೋನಲ್ಲಿ ಕ್ಯಾಮೆರಾ ಆ್ಯಪ್ ತೆಗೆದು ಡಿವೈಸ್ ಸೆಟಿಂಗಲ್ಲಿ ವೈಫೈ ಬದಲಿಸಿ, ಹೊಸ ಕೀ ಹಾಕಿ. ಆಮೇಲೆ ಹಾಟ್‌ಸ್ಪಾಟ್ ಆಫ್. ಕೆಲವು ಕ್ಯಾಮೆರಾ ಆ್ಯಪಲ್ಲಿ ವೈಫೈ ಬದಲಿಸೋಕೆ ಬಿಡಲ್ಲ, ಅಂಥದಕ್ಕೆ ಮಾತ್ರ ಮಳೆ ನಿಂತ ಮೇಲೆ ಹತ್ತೋದು.

ತುಂಗೆತೀರ
@ಫೈಬರ್ಅಣ್ಣ ಆಯ್ತು!! ಅಂಗಳ ಕಾಣ್ತಿದೆ!! ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಬಲ್ಬ್ ಐದು ಸಲ ಆನ್ ಆಫ್ ಮಾಡಿ ಮಿನುಗೋ ಹಾಗೆ ಮಾಡಿ ಆ್ಯಪಿಂದ ಸೇರಿಸ್ದೆ. ಇನ್ನು ಪ್ರಿಂಟರ್ ಒಂದು. ಮತ್ತೆ ಈ ಕೀ ಬರೆದು ಎಲ್ಲಿ ಇಡ್ಲಿ? ಅಪ್ಪ ಕ್ಯಾಲೆಂಡರ್ ಹಿಂದೆ ಬರಿ ಅಂತಿದಾರೆ.

ದೂರದೂರು
ಕ್ಯಾಲೆಂಡರ್ ಜನವರಿಗೆ ಹೋಗತ್ತೆ. ಬೀರು ಬಾಗಿಲ ಒಳಗಡೆ ಚೀಟಿ ಅಂಟಿಸಿ. ವೈಫೈ ಕೀ, ರೂಟರಿನ ಅಡ್ಮಿನ್ ಪಾಸ್‌ವರ್ಡ್, ಕನೆಕ್ಷನ್ ನಂಬರ್, ಕಸ್ಟಮರ್ ಕೇರ್ ನಂಬರ್, ಎಲ್ಲಾ ದೊಡ್ಡಕ್ಷರದಲ್ಲಿ. ಸಾಧ್ಯ ಆದ್ರೆ ಆ ಪಿಪಿಪಿಒಇ ವಿವರಾನೂ ಕೇಳಿ ತಗೊಂಡು ಬರೆದಿಡಿ. ಕ್ಯೂಆರ್ ಪ್ರಿಂಟ್ ತೆಗೆದು ಜಗಲಿ ಗೋಡೆಗೆ ಹಾಕ್ಬೇಡಿ, ಅದರೊಳಗೆ ಕೀ ಹಾಗೇ ಇರತ್ತೆ, ಬಂದೋರು ತೆಗೆದ ಫೋಟೋಲಿ ಬಂದ್ರೂ ಸಾಕು.

ಧಾರವಾಡದಾಂವ
ಚೀಟಿ ಬರ್ಯೂದು ಸುರಕ್ಷಿತ ಅಲ್ಲ ಅಂತ ಯಾರರ ಅಂದ್ರ ಕೇಳಬ್ಯಾಡ್ರಿ. ಬೀರು ಒಡದು ಒಳಗ ಬಂದ ಕಳ್ಳ ವೈಫೈ ಕೀ ತಗೊಂಡು ಏನ್ ಮಾಡ್ತಾನ್ರೀ?

ಕಡಲತಡಿ
ಮಳೆ ಅಂದರಲ್ಲ, ಸಿಡಿಲು ಶುರುವಾದರೆ ರೂಟರಿನ ಅಡಾಪ್ಟರ್ ಪ್ಲಗ್ಗಿಂದ ಕಿತ್ತಿಡ್ಲಿಕ್ಕೆ ಅಪ್ಪನಿಗೆ ಹೇಳಿ. ಸ್ವಿಚ್ ಆಫ್ ಸಾಲುದಿಲ್ಲ. ಫೈಬರಲ್ಲಿ ಕರೆಂಟ್ ಬರುದಿಲ್ಲ ಸರಿ, ಆದರೆ ಅಡಾಪ್ಟರ್, ಲ್ಯಾನ್ ವೈರಿನ ಮೂಲಕ ಬರ್ತದೆ. ಮಲೆನಾಡು ಕರಾವಳಿಯಲ್ಲಿ ಸುಟ್ಟುಹೋದ ರೂಟರಿಗೆ ಲೆಕ್ಕ ಇಲ್ಲ.

ಉಪ್ಪಿನಕಾಯಿ
ಕರೆಂಟ್ ಹೋದಾಗಲೂ ನೆಟ್ ಬೇಕಂದ್ರೆ ರೂಟರಿಗೇ ಅಂತ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗತ್ತೆ. ಡಬ್ಬದ ಮೇಲೆ ಬರೆದಿರೋ ವೋಲ್ಟು, ಆಂಪಿಯರ್ ನೋಡೇ ತಗೊಳಿ.

ಗಡಿಬಿಡಿಗಣಕ
ಪ್ರಿಂಟರ್ ಮರೆತ್ರಾ ಎಲ್ರೂ? ಪರದೆ ಇದ್ರೆ ಅದರ ಸೆಟಪ್‌ನಲ್ಲಿ ವೈರ್‌ಲೆಸ್ ಸೆಟಪ್ ವಿಝಾರ್ಡ್ ಅಂತಿರತ್ತೆ, ಹೆಸರು ಆರಿಸಿ ಹೊಸ ಕೀ ಹಾಕಿ. ಪರದೆ ಇಲ್ದಿದ್ರೆ ಮೊದಲು ಅದರ ವೈಫೈ ಸೆಟಿಂಗ್ ಮಾತ್ರ ರೀಸೆಟ್ ಮಾಡಿ ಕಂಪನಿ ಆ್ಯಪಿಂದ ಸೇರಿಸ್ಬೇಕು, ಬಟನ್ ಯಾವ್ದು ಅನ್ನೋದು ಮಾಡೆಲ್ ಮೇಲೆ. ಮಾಡೆಲ್ ನಂಬರ್ ಹಾಕಿ, ನೋಡಿ ಹೇಳ್ತೀನಿ. ಅಲ್ಲೀವರೆಗೆ ಅಪ್ಪಂಗೆ ಅರ್ಜೆಂಟ್ ಏನಾದ್ರೂ ತೆಗೀಬೇಕಿದ್ರೆ ಯುಎಸ್‌ಬಿ ವೈರ್ ಚುಚ್ಚಿ.